ಬಾಕ್ಸ್ ಹೆಚ್ಚಿದಷ್ಟೂ ಮಾತು ಸ್ಪಷ್ಟವಾಗಿ ಕೇಳುತ್ತದೆಯೇ? ಸ್ಪೀಕರ್ ಜೋಡಣೆಯ ಬಗ್ಗೆ ತಿಳಿದಿರಬೇಕಾದದ್ದು

ಜಾತ್ರೆ, ಗಣಪತಿ ಉತ್ಸವ, ನಾಟಕದ ಕಾಲ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಓಡಾಡಲು ಶುರುವಾಗುತ್ತದೆ. ವೇದಿಕೆಯ ಎರಡೂ ಬದಿಗೆ ಗೋಡೆಯಂತೆ ಪೇರಿಸಿದ ಸ್ಪೀಕರ್ ಬಾಕ್ಸ್‌ಗಳು, ಮೇಲೆ ಸಾವಿರಾರು ವಾಟ್‌ಗಳ ಲೆಕ್ಕ, ಕೆಳಗೆ ನಮ್ಮೂರ ಸೆಟ್ ಎಂಬ ಹೆಮ್ಮೆ. ಇವುಗಳ ಜೊತೆ ಬರುವ ಮಾತುಗಳು ಮುಖ್ಯವಾಗಿ ಮೂರು:

1. ಬಾಕ್ಸ್ ಹೆಚ್ಚಿದಷ್ಟೂ ಮಾತು ಸ್ಪಷ್ಟ.
2. ವಾಟ್ ದುಪ್ಪಟ್ಟಾದರೆ ಸೌಂಡ್ ದುಪ್ಪಟ್ಟು.
3. ಮೈಲಿ ದೂರಕ್ಕೆ ಕೇಳಿಸಿದರೆ ಸೆಟ್ ಚೆನ್ನಾಗಿದೆ ಎಂದರ್ಥ.

ಚಿಕ್ಕ ಉತ್ತರ: ಮೊದಲನೆಯದು ಹಲವು ಸಲ ಉಲ್ಟಾ, ಎರಡನೆಯದು ತಪ್ಪು, ಮೂರನೆಯದಕ್ಕೂ ಸೆಟ್ಟಿನ ಗುಣಮಟ್ಟಕ್ಕೂ ಹೆಚ್ಚಿನ ಸಂಬಂಧವಿಲ್ಲ. ಮಾತು ತಿಳಿಯುವುದು ಬಾಕ್ಸ್‌ಗಳ ಸಂಖ್ಯೆಗಿಂತ ಅವುಗಳನ್ನು ಹೇಗೆ ಜೋಡಿಸಿದ್ದೇವೆ ಎಂಬುದರ ಮೇಲೆ ನಿಂತಿದೆ. ಹೇಗೆಂದು ನೋಡೋಣ.

ಅಜ್ಜನ ಕಿವಿಯೋ, ಬಾಕ್ಸಿನ ತಪ್ಪೋ?

ನಾವು ಈ ಬಗ್ಗೆ ಯೋಚಿಸತೊಡಗಿದ್ದು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪೌರಾಣಿಕ ನಾಟಕ ನೋಡುವಾಗ. ವೇದಿಕೆಯ ಎಡಕ್ಕೆ ಎರಡು, ಬಲಕ್ಕೆ ಎರಡು ಬಾಕ್ಸ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ನಾವು ಒಂದು ಬದಿಯ ಅಂಚಿನಲ್ಲಿದ್ದೆವು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಒಂದು ಕಾಲದಲ್ಲಿ ಅದೇ ನಾಟಕದಲ್ಲಿ ಪಾತ್ರ ಮಾಡಿದವರು. ‘ಸದ್ದು ಕೇಳ್ತದೆ, ಮಾತು ತಿಳೀತಿಲ್ಲ’ ಎಂದರು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದು ಮನೆಯವರು ಅವರನ್ನು ಸುಮ್ಮನಾಗಿಸಿದರು. ಆದರೆ ಇಪ್ಪತ್ತರ ಹರೆಯದ ನಮಗೂ ಮಾತು ತಿಳಿಯುತ್ತಿರಲಿಲ್ಲ! ಅವರನ್ನು ಕರೆದುಕೊಂಡು ನಡುವಿನ ಸಾಲಿಗೆ ಸರಿದು ಕುಳಿತಾಗ ಸಂಭಾಷಣೆ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಕಿವಿ ಅದೇ, ಆಂಪ್ಲಿಫೈಯರ್ ಅದೇ. ಬದಲಾದದ್ದು ಕುಳಿತ ಜಾಗ ಮಾತ್ರ.

ಇದು ಗುಬ್ಬಿಯ ನೆಲದಲ್ಲಿ ನಡೆದದ್ದು ಸ್ವಲ್ಪ ವಿಪರ್ಯಾಸವೇ. ಗುಬ್ಬಿ ವೀರಣ್ಣನವರ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾದ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಇಂದಿನ ಸ್ಪೀಕರ್‌ಗಳಿಗೆಲ್ಲ ಮಾದರಿಯಾದ ಕೋನ್ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಪ್ರಕಟಿಸಿದ್ದು 1925ರಲ್ಲಿ. ಅಂದರೆ ನಾಲ್ಕು ದಶಕ ಕಾಲ ಆ ನಟರು ಕೊನೆಯ ಸಾಲಿಗೆ ಮಾತು ಮುಟ್ಟಿಸಿದ್ದು ಬರೀ ಗಂಟಲಿನಿಂದ. ಒಂದು ಗಂಟಲು ಎಂದರೆ ಧ್ವನಿ ಹೊರಡುವ ಜಾಗ ಒಂದೇ. ಈ ‘ಒಂದೇ ಜಾಗ’ ಎಂಬುದೇ ಇಲ್ಲಿನ ಗುಟ್ಟು.

ಬಾಕ್ಸ್ ಒಳಗೆ ಏನಿರುತ್ತದೆ?

ಬಾಕ್ಸ್ ಒಳಗೆ ನಿಜವಾಗಿ ಸದ್ದು ಮಾಡುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಒಂದು ಅಯಸ್ಕಾಂತ, ಅದರ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನ್. ವಿದ್ಯುತ್ ಹರಿದಾಗ ಸುರುಳಿ ಹಿಂದೆ ಮುಂದೆ ಅಲುಗಾಡಿ ಗಾಳಿಯನ್ನು ತಳ್ಳುತ್ತದೆ. ದೊಡ್ಡ ಡ್ರೈವರ್ (ವೂಫರ್) ಗಡಸು ಸದ್ದಿಗೆ, ಚಿಕ್ಕದು ಅಥವಾ ಹಾರ್ನ್ ಇರುವುದು (ಟ್ವೀಟರ್) ಕೀಚು ಸದ್ದಿಗೆ. ಯಾವ ಸದ್ದು ಯಾರಿಗೆ ಎಂದು ಹಂಚುವುದು ಕ್ರಾಸ್‌ಓವರ್ ಎಂಬ ಸರ್ಕ್ಯೂಟ್.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಲೆಯ ಉದ್ದ ಸದ್ದಿಗೆ ತಕ್ಕಂತೆ ಬದಲಾಗುತ್ತದೆ:

• 100 ಹರ್ಟ್ಸ್ (ಡೊಳ್ಳಿನಂಥ ಗಡಸು ಸದ್ದು): ಸುಮಾರು 3.4 ಮೀಟರ್
• 1,000 ಹರ್ಟ್ಸ್ (ಮಾತಿನ ನಡುಭಾಗ): ಸುಮಾರು 34 ಸೆಂಟಿಮೀಟರ್
• 10,000 ಹರ್ಟ್ಸ್ (ತಾಳದ ಕಿಣಿಕಿಣಿ): ಸುಮಾರು 3.4 ಸೆಂಟಿಮೀಟರ್

‘ಸ’, ‘ಶ’, ‘ಚ’, ‘ತ’ದಂಥ ವ್ಯಂಜನಗಳ ಗುರುತು ಬಹುಪಾಲು 2,000 ಹರ್ಟ್ಸ್‌ಗಿಂತ ಮೇಲಿರುತ್ತದೆ. ‘ಆ’, ‘ಓ’ ಸ್ವರಗಳ ಬಲ ಕೆಳಗಿರುತ್ತದೆ. ಮೇಲಿನ ಭಾಗ ಕಳೆದುಹೋದರೆ ಸದ್ದು ಜೋರಾಗಿಯೇ ಇರುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಅಜ್ಜ ಹೇಳಿದ್ದು ಇದನ್ನೇ.

ಮಾತು 1: ಬಾಕ್ಸ್ ಹೆಚ್ಚಿದಷ್ಟೂ ಮಾತು ಸ್ಪಷ್ಟವೇ?

ಎರಡು ಬಾಕ್ಸ್‌ಗಳಿಂದ ಒಂದೇ ಮಾತು ಹೊರಟಿತು ಎಂದುಕೊಳ್ಳಿ. ನೀವು ಎರಡರಿಂದಲೂ ಸಮ ದೂರದಲ್ಲಿದ್ದರೆ ಅಲೆಗಳು ಒಟ್ಟಿಗೆ ಬಂದು ಸೇರುತ್ತವೆ, ಸದ್ದು ಹೆಚ್ಚುತ್ತದೆ. ಆದರೆ ಒಂದು ಬಾಕ್ಸ್ ಅರ್ಧ ಅಲೆಯಷ್ಟು ದೂರವಾಗಿದ್ದರೆ? ಒಂದು ಅಲೆ ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ.

ಲೆಕ್ಕ ಹಾಕಿ ನೋಡೋಣ. ಎರಡು ಬಾಕ್ಸ್‌ಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆ, ನಡುವೆ 50 ಸೆಂಟಿಮೀಟರ್ ಅಂತರ. ನೀವು ನೇರ ಎದುರಿಗಲ್ಲದೆ 20 ಡಿಗ್ರಿ ಪಕ್ಕಕ್ಕೆ ಕುಳಿತಿದ್ದೀರಿ. ಆಗ ಎರಡು ಬಾಕ್ಸ್‌ಗಳಿಂದ ನಿಮಗಿರುವ ದೂರದಲ್ಲಿ ಸುಮಾರು 17 ಸೆಂಟಿಮೀಟರ್ ವ್ಯತ್ಯಾಸ. ಅದು 1,000 ಹರ್ಟ್ಸ್ ಸದ್ದಿನ ಅರ್ಧ ಅಲೆ! ಅಲ್ಲಿ 1,000, 3,000, 5,000 ಹರ್ಟ್ಸ್‌ಗಳ ಸುತ್ತಮುತ್ತ ಸದ್ದು ಕುಸಿಯುತ್ತದೆ. ನಕ್ಷೆಯಲ್ಲಿ ಬರೆದರೆ ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಆ ಹಲ್ಲುಗಳ ಸಂದಿನಲ್ಲೇ ಮಾತಿನ ಅಕ್ಷರಗಳು ಉದುರಿಹೋಗುತ್ತವೆ. ಇನ್ನೆರಡು ಬಾಕ್ಸ್ ಪಕ್ಕಕ್ಕೆ ಸೇರಿಸಿದರೆ ಈ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಹಾಗಾದರೆ ಈ ಮಾತಿನಲ್ಲಿ ನಿಜ ಏನೂ ಇಲ್ಲವೇ? ಇದೆ. ಗಡಸು ಸದ್ದಿನ ಅಲೆ ಹಲವು ಮೀಟರ್ ಉದ್ದವಿರುವುದರಿಂದ ಹತ್ತಿರ ಹತ್ತಿರ ಇಟ್ಟ ಬೇಸ್ ಬಾಕ್ಸ್‌ಗಳು ಜಗಳವಾಡುವುದಿಲ್ಲ, ಒಟ್ಟಾಗಿ ದುಡಿಯುತ್ತವೆ. ಬೇಸ್‌ಗೆ ಗುಂಪು ಒಳ್ಳೆಯದು, ಮಾತಿಗೆ ಅಲ್ಲ.

ಅಡ್ಡವೋ, ಉದ್ದವೋ?

ಇದಕ್ಕೊಂದು ಸುಲಭ ನಿಯಮವಿದೆ: ಡ್ರೈವರ್‌ಗಳನ್ನು ಯಾವ ದಿಕ್ಕಿನಲ್ಲಿ ಸಾಲಾಗಿ ಇಡುತ್ತೇವೋ ಆ ದಿಕ್ಕಿನಲ್ಲಿ ಸದ್ದು ಕಿರಿದಾಗುತ್ತದೆ. ಉದ್ದಕ್ಕೆ, ಅಂದರೆ ಒಂದರ ಮೇಲೊಂದು ಇಟ್ಟರೆ ಸದ್ದು ಮೇಲೆ ಕೆಳಗೆ ಕಿರಿದಾಗಿ ಎಡಬಲಕ್ಕೆ ಅಗಲವಾಗಿ ಹರಡುತ್ತದೆ. ಜನ ಕುಳಿತಿರುವುದು ಎಡದಿಂದ ಬಲಕ್ಕೆ ತಾನೆ? ಆಕಾಶದಲ್ಲಿ ಯಾರೂ ಕುಳಿತಿಲ್ಲ. ದೇವಸ್ಥಾನ, ಶಾಲಾ ಸಭಾಂಗಣಗಳ ಕಂಬದ ಮೇಲೆ ಕಾಣುವ ಉದ್ದನೆಯ ಕಾಲಮ್ ಸ್ಪೀಕರ್ ನಿಂತೇ ಇರುವುದು ಇದಕ್ಕಾಗಿ. ಅದನ್ನು ಕಿಟಕಿಯ ಮೇಲೆ ಅಡ್ಡ ಮಲಗಿಸಿದರೆ ಎಲ್ಲವೂ ತಿರುಗುಮುರುಗು. ನಡುವಿನವರಿಗೆ ಕೇಳುತ್ತದೆ, ಅಂಚಿನವರಿಗೆ ಗುಂಯ್‌ಗುಟ್ಟುತ್ತದೆ.

ಒಂದೇ ಬಾಕ್ಸ್ ಆದರೂ ಇದು ಅನ್ವಯಿಸುತ್ತದೆ. ವೂಫರ್ ಕೆಳಗೆ, ಟ್ವೀಟರ್ ಮೇಲೆ ಇರುವ ಬಾಕ್ಸನ್ನು ನಿಲ್ಲಿಸಿದರೆ ಅವೆರಡರ ಜಗಳ ನೆಲಕ್ಕೆ, ಆಕಾಶಕ್ಕೆ ಹೋಗುತ್ತದೆ. ಮಲಗಿಸಿದರೆ ಅದೇ ಜಗಳ ಜನರ ನಡುವೆ ನಡೆಯುತ್ತದೆ.

ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಬಾಳೆಗೊನೆಯಂತೆ ತೂಗುವ ಸಾಲನ್ನು ನೀವು ನೋಡಿರಬಹುದು. ಅದಕ್ಕೆ ಲೈನ್ ಅರೇ ಎನ್ನುತ್ತಾರೆ. ಫ್ರಾನ್ಸಿನ ಭೌತವಿಜ್ಞಾನಿ ಕ್ರಿಶ್ಚಿಯನ್ ಹೀಲ್ 1990ರ ದಶಕದ ಆರಂಭದಲ್ಲಿ ಅದರ ಇಂದಿನ ರೂಪವನ್ನು ತಂದರು. ಸಾಮಾನ್ಯ ಬಾಕ್ಸಿನ ಸದ್ದು ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಸಾಕಷ್ಟು ಉದ್ದವಾದ ಲೈನ್ ಅರೇಯಲ್ಲಿ ಒಂದಷ್ಟು ದೂರದವರೆಗೆ 3 ಡೆಸಿಬಲ್ ಮಾತ್ರ. ಆದರೆ ನೆನಪಿಡಿ, ಅದರ ಪ್ರತಿ ಬಾಕ್ಸ್ ಪಕ್ಕದ್ದರ ಜೊತೆ ಸೇರುವಂತೆಯೇ ತಯಾರಾಗಿರುತ್ತದೆ. ನಾಲ್ಕು ಮಾಮೂಲಿ ಬಾಕ್ಸ್ ಪೇರಿಸಿದ ಮಾತ್ರಕ್ಕೆ ಲೈನ್ ಅರೇ ಆಗುವುದಿಲ್ಲ.

ಮಾತು 2: ವಾಟ್ ದುಪ್ಪಟ್ಟಾದರೆ ಸೌಂಡ್ ದುಪ್ಪಟ್ಟೇ?

ಇಲ್ಲ. ವಾಟ್ ದುಪ್ಪಟ್ಟು ಮಾಡಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಅದು ‘ಸ್ವಲ್ಪ ಜೋರಾಯಿತು’ ಅನ್ನಿಸುವಷ್ಟು. ನಮ್ಮ ಕಿವಿಗೆ ದುಪ್ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಮನೆಯ ಸ್ಪೀಕರ್ ಡಬ್ಬದ ಮೇಲೆ ‘ಪಿಎಂಪಿಒ’ ಎಂದು ಬರೆದ ಸಾವಿರಾರು ವಾಟ್‌ಗೂ ಮರುಳಾಗಬೇಡಿ. ಅದಕ್ಕೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ. ‘ಆರ್‌ಎಂಎಸ್’ ಎಂದು ಬರೆದ ಅಂಕಿಯನ್ನು ನೋಡಿ.

ವಾಟ್ ಹೆಚ್ಚಿಸುವುದರಿಂದ ಇನ್ನೊಂದು ತೊಂದರೆ ಇದೆ. ನೆಲದ ಮೇಲಿಟ್ಟ ಬಾಕ್ಸಿನಿಂದ 2 ಮೀಟರ್‌ನಲ್ಲಿ 100 ಡೆಸಿಬಲ್ ಇದ್ದರೆ 4 ಮೀಟರ್‌ನಲ್ಲಿ 94, 8ರಲ್ಲಿ 88, 16ರಲ್ಲಿ 82, 32ರಲ್ಲಿ 76 ಆಗುತ್ತದೆ. ಹಿಂದಿನವರಿಗೆ ಕೇಳಲೆಂದು 6 ಡೆಸಿಬಲ್ ಏರಿಸಿದರೆ ಮುಂದೆ ಚಾಪೆಯ ಮೇಲೆ ಕುಳಿತ ಮಕ್ಕಳಿಗೆ 106 ಡೆಸಿಬಲ್. ಕೆಲಸದ ಜಾಗಗಳಿಗೆ ತಜ್ಞರು ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಹೆಚ್ಚಿದಾಗ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಕೇವಲ 15 ನಿಮಿಷ, 106ಕ್ಕೆ 4 ನಿಮಿಷವೂ ಇಲ್ಲ. ಸಂಗೀತ ಕಾರ್ಯಕ್ರಮಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಜೋರು ಸದ್ದಿನಿಂದ ಹಾಳಾದ ಒಳಕಿವಿಯ ಕೋಶಗಳು ಮತ್ತೆ ಬೆಳೆಯುವುದಿಲ್ಲ.

ಮಾತು 3: ದೂರಕ್ಕೆ ಕೇಳಿಸಿದರೆ ಒಳ್ಳೆಯ ಸೆಟ್ಟೇ?

ಕುಣಿಗಲ್ ದೊಡ್ಡಕೆರೆಯಂಥ ಕೆರೆಯ ದಡದ ಊರಿನವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹಗಲು ಕೇಳದ ಆಚೆ ದಡದ ಸದ್ದು ರಾತ್ರಿ ಪಕ್ಕದಲ್ಲೇ ಇದ್ದಂತೆ ಕೇಳುತ್ತದೆ. ಕಾರಣ ಸೆಟ್ ಅಲ್ಲ, ಗಾಳಿ. ರಾತ್ರಿ ನೆಲದ, ನೀರಿನ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಗಿಳಿಯುತ್ತದೆ.

ಅಲ್ಲದೆ ದೂರಕ್ಕೆ ಹೋಗುವುದು ಹೆಚ್ಚಾಗಿ ಗಡಸು ಸದ್ದು ಮಾತ್ರ. ಕೀಚು ಸದ್ದನ್ನು ಗಾಳಿಯೇ ಹೀರಿಕೊಳ್ಳುತ್ತದೆ. ಗೋಡೆಯೂ ಬೇಸನ್ನು ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ಪಕ್ಕದ ಊರಿಗೆ ಕೇಳುವುದು ನಾಟಕದ ಮಾತಲ್ಲ, ಬರೀ ಧಂ ಧಂ. ಅಲ್ಲಿ ಪರೀಕ್ಷೆಗೆ ಓದುವ ಮಗು, ಕಾಯಿಲೆಯ ಹಿರಿಯರು ಇರಬಹುದು.

ಕಾನೂನು ಏನು ಹೇಳುತ್ತದೆ?

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದೊಳಗಿನ ಬಳಕೆ ಬಿಟ್ಟರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ರಾಜ್ಯ ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಸದ್ದನ್ನು ಕೇಳುಗರ ಕಡೆಗೆ ಮಾತ್ರ ತಿರುಗಿಸಿದರೆ ಮಾತೂ ತಿಳಿಯುತ್ತದೆ, ನಿಯಮ ಪಾಲಿಸುವುದೂ ಸುಲಭ.

ನಿಮ್ಮೂರ ಸಮಿತಿ ಏನು ಮಾಡಬಹುದು?

• ಮಾತಿಗೆ ಪ್ರತಿ ಬದಿಗೆ ಒಂದೇ ಬಾಕ್ಸ್ ಅಥವಾ ನಿಂತ ಕಾಲಮ್ ಸಾಕೇ ನೋಡಿ. ಎರಡು ಬೇಕೇ ಬೇಕೆಂದರೆ ಒಂದೇ ಕಡೆಗೆ ಮುಖ ಮಾಡದೆ ಬೇರೆ ಬೇರೆ ಭಾಗದ ಜನರ ಕಡೆ ತಿರುಗಿಸಿ.
• ಟ್ವೀಟರ್ ಕುಳಿತವರ ತಲೆಗಿಂತ ಮೇಲಿರಲಿ, ಮುಖ ಸ್ವಲ್ಪ ಕೆಳಗೆ ಬಾಗಿರಲಿ. ಮುಂದಿನ ಮಕ್ಕಳ ಕಿವಿಗೂ ಬಾಕ್ಸಿಗೂ ದೂರ ಹೆಚ್ಚುತ್ತದೆ.
• ಜನ ತುಂಬ ಹಿಂದಕ್ಕೆ ಹರಡಿದ್ದರೆ ಮುಂದಿನ ಸದ್ದು ಏರಿಸಬೇಡಿ. ನಡುವೆ ಇನ್ನೊಂದು ಬಾಕ್ಸ್ ನಿಲ್ಲಿಸಿ, ಅದಕ್ಕೆ ಡಿಲೇ ಕೊಡಿಸಿ. ಪ್ರತಿ 34 ಮೀಟರ್‌ಗೆ ಸುಮಾರು 0.1 ಸೆಕೆಂಡ್. ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳುತ್ತದೆ.
• ಬೇಸ್ ಇದ್ದಕ್ಕಿದ್ದಂತೆ ಮಾಯವಾಗಿದ್ದರೆ ಒಂದು ಬಾಕ್ಸಿನ ಪ್ಲಸ್ ಮೈನಸ್ ತಂತಿ ಅದಲುಬದಲಾಗಿದೆಯೇ ನೋಡಿ.
• ಕಾರ್ಯಕ್ರಮಕ್ಕೆ ಮುಂಚೆ ಒಬ್ಬರು ಮೈಕಿನಲ್ಲಿ ಪತ್ರಿಕೆ ಓದಲಿ, ಇನ್ನೊಬ್ಬರು ಅಂಚಿನಲ್ಲಿ, ಕೊನೆಯಲ್ಲಿ ನಡೆದಾಡಿ ಕೇಳಲಿ.

ಮನೆಯಲ್ಲೇ ಪರೀಕ್ಷಿಸಿ

ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ಮೊನೊ ಆಡಿಯೊ ಆನ್ ಮಾಡಿ, ಎರಡು ಬಾಕ್ಸ್ ಇರುವ ಸ್ಪೀಕರ್ ಸೆಟ್‌ಗೆ ಜೋಡಿಸಿ. ಬಾಕ್ಸ್‌ಗಳನ್ನು ಅಕ್ಕಪಕ್ಕ ಇಟ್ಟು ಮಳೆಯ ಸದ್ದು ಹಾಕಿ, ತಲೆಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ಸರಿಸಿ. ಸದ್ದಿನ ಬಣ್ಣ ಬದಲಾಗುತ್ತಾ ಹೋಗುತ್ತದೆ. ಈಗ ಒಂದರ ಮೇಲೊಂದು ಇಟ್ಟು ಮತ್ತೆ ಸರಿಸಿ. ಬದಲಾವಣೆ ಬಹಳ ಕಡಿಮೆಯಾಗುತ್ತದೆ. ಖರ್ಚಿಲ್ಲದೆ ನಿಮ್ಮ ಕಿವಿಯೇ ಸಾಕ್ಷಿ ಹೇಳುತ್ತದೆ.

ನಮ್ಮ ನಿರ್ಣಯ

ಹೆಚ್ಚು ಬಾಕ್ಸ್, ಹೆಚ್ಚು ವಾಟ್ ಎಂದರೆ ಹೆಚ್ಚು ಸ್ಪಷ್ಟ ಎಂಬುದು ತಪ್ಪು ತಿಳಿವಳಿಕೆ. ಬೇಸ್‌ನ ಮಟ್ಟಿಗೆ ಮಾತ್ರ ಅದರಲ್ಲಿ ಸ್ವಲ್ಪ ನಿಜವಿದೆ. ಸಿದ್ಧಗಂಗೆಯ ಜಾತ್ರೆಯಿರಲಿ, ಗೂಳೂರು ಗಣಪತಿಯಿರಲಿ, ನಿಮ್ಮ ಬೀದಿಯ ನಾಟಕವಿರಲಿ, ಮುಂದಿನ ಸಲ ಯಾರಾದರೂ ‘ಮಾತು ತಿಳೀತಿಲ್ಲ’ ಎಂದರೆ ಅವರ ಕಿವಿಯನ್ನು ದೂರುವ ಮೊದಲು ಅವರ ಜಾಗದಲ್ಲಿ ಒಂದು ನಿಮಿಷ ಕುಳಿತು ಕೇಳಿ. ಬಾಕ್ಸ್‌ಗಳ ಗೋಡೆಯ ವಿಡಿಯೊ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಈ ಲೇಖನವನ್ನು ನಿಮ್ಮೂರ ಗುಂಪಿಗೆ, ಮುಖ್ಯವಾಗಿ ಸೌಂಡ್ ಸೆಟ್ ಗೊತ್ತುಮಾಡುವವರಿಗೆ ಕಳಿಸಿ.