ಬಳ್ಳಾರಿ ಸೀಮೆಯ ಅರಿವಳಿಕೆ ಚರಿತ್ರೆ ಮತ್ತು ಕೆಟಮಿನ್

ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೂ ಮದರಾಸಿನ ಆಡಳಿತದಲ್ಲೇ ಇದ್ದುದರಿಂದ, ಇಲ್ಲಿನ ಆಸ್ಪತ್ರೆಗಳ ಹಳೆಯ ನಂಟು ಬೆಂಗಳೂರಿಗಿಂತ ಮದರಾಸಿನೊಂದಿಗೇ ಹೆಚ್ಚು. ಆದರೆ ಅರಿವಳಿಕೆ, ಅಂದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ಎಚ್ಚರವನ್ನೂ ನೋವನ್ನೂ ತಡೆದಿಡುವ ವಿದ್ಯೆಯ ಮಟ್ಟಿಗೆ, ಹತ್ತೊಂಬತ್ತನೆಯ ಶತಮಾನದ ದೊಡ್ಡ ವಾದವೊಂದು ನಡೆದದ್ದು ಸಿರುಗುಪ್ಪದ ಬಳಿ ಹರಿಯುವ ತುಂಗಭದ್ರೆಯ ಆಚೆಗೆ, ನಿಜಾಮನ ರಾಜ್ಯದಲ್ಲಿ. ಎಡಿನ್‌ಬರೋದ ಸಿಂಪ್ಸನ್ 1847ರಲ್ಲಿ ಬಳಕೆಗೆ ತಂದ ಕ್ಲೋರೋಫಾರ್ಮ್ ಕೆಲವು ರೋಗಿಗಳನ್ನು ಮೇಜಿನ ಮೇಲೆಯೇ ಕೊಲ್ಲುತ್ತಿದ್ದ ಕಾರಣವನ್ನು ಹುಡುಕಲು ಹೈದರಾಬಾದಿನ ವೈದ್ಯ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ನಿಜಾಮನ ಹಣದಿಂದ ಎರಡು ಆಯೋಗಗಳನ್ನು ನಡೆಸಿ, ಸಾವು ಬರುವುದು ಉಸಿರು ನಿಲ್ಲುವುದರಿಂದಲೇ ಹೊರತು ಹೃದಯದಿಂದಲ್ಲವೆಂದೂ, ವೈದ್ಯನು ನಾಡಿಯನ್ನು ಬಿಟ್ಟು ಉಸಿರನ್ನೇ ಕಾಯಬೇಕೆಂದೂ ಸಾರಿದನು. ಕ್ಲೋರೋಫಾರ್ಮ್ ಹೃದಯವನ್ನೂ ನಿಲ್ಲಿಸಬಲ್ಲದೆಂದು 1911ರ ಹೊತ್ತಿಗೆ ಲೆವಿ ಎಂಬ ಸಂಶೋಧಕನ ಪ್ರಯೋಗಗಳು ತೋರಿಸಿದ್ದರಿಂದ ಲಾರಿಯ ತೀರ್ಮಾನ ಅರ್ಧ ಮಾತ್ರ ಸರಿಯೆಂದಾಯಿತು. ಆದರೂ ಉಸಿರು ಕಾಯುವ ಶಿಸ್ತು ಉಳಿದುಕೊಂಡಿತು, ಮುಂದೆ ಕೆಟಮಿನ್ ಎಂಬ ಅರಿವಳಿಕೆ ಔಷಧ ಅಷ್ಟು ಬೇಗ ವೈದ್ಯರ ಮನಗೆದ್ದದ್ದಕ್ಕೂ ಆ ಶಿಸ್ತಿನ ಕಣ್ಣೇ ಒಂದು ಕಾರಣವೆನ್ನಬಹುದು.

ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ. ಮುಂದೆ ವಿಮ್ಸ್ ಎಂದು ಹೆಸರಾದ ಸಂಸ್ಥೆ ಇದೇ. ಅದರ ಮರುವರ್ಷವೇ ಅಮೆರಿಕದ ಪಾರ್ಕ್ ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಜ್ಞನು ಕೆಟಮಿನ್ನನ್ನು ತಯಾರಿಸಿದನು. 1964ರಲ್ಲಿ ಮಿಷಿಗನ್ನಿನ ಸೆರೆಮನೆಯ ಕೈದಿಗಳ ಮೇಲೆ ಮೊದಲ ಪ್ರಯೋಗ ನಡೆಯಿತು. 1970ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ರಕ್ತನಾಳಕ್ಕೂ ಮಾಂಸಖಂಡಕ್ಕೂ ಚುಚ್ಚಬಹುದಾದ ಈ ಔಷಧದಿಂದ ರೋಗಿಯ ಕಣ್ಣು ತೆರೆದೇ ಇದ್ದು ಗುಡ್ಡೆಗಳು ಅತ್ತಿತ್ತ ಆಡುತ್ತಿದ್ದರೂ ನೋವು ಮುಟ್ಟುವುದಿಲ್ಲ, ರಕ್ತದೊತ್ತಡ ಕುಸಿಯುವುದಿಲ್ಲ, ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟರೆ ಉಸಿರಾಟವೂ ತನ್ನಷ್ಟಕ್ಕೆ ನಡೆಯುತ್ತದೆ. ಅರಿವಳಿಕೆಯ ಯಂತ್ರವಿಲ್ಲದ, ಕರೆಂಟು ಕೈಕೊಡುವ ತಾಲ್ಲೂಕು ಆಸ್ಪತ್ರೆಯಲ್ಲಿ ಸುಟ್ಟಗಾಯ ತೊಳೆಯುವುದಕ್ಕೂ ಮುರಿದ ಮೂಳೆ ಕೂಡಿಸುವುದಕ್ಕೂ ಇದಕ್ಕಿಂತ ಅನುಕೂಲವಾದ ಔಷಧ ಮತ್ತೊಂದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇದನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದ್ದೂ ಇಂಥ ಆಸ್ಪತ್ರೆಗಳನ್ನು ನೆನೆದೇ.

ಎಲ್ಲರೂ ಉಸಿರನ್ನೇ ಕಾಯುತ್ತಿದ್ದುದರಿಂದ ಮೂತ್ರಕೋಶದ ಕಡೆಗೆ ಯಾರ ಗಮನವೂ ಹರಿಯಲಿಲ್ಲ, ಹರಿಯಬೇಕಾದ ಕಾರಣವೂ ಇರಲಿಲ್ಲ. ಶಸ್ತ್ರಚಿಕಿತ್ಸೆಗೆಂದು ಒಮ್ಮೆ ಪಡೆದ ಕೆಟಮಿನ್ ಅಲ್ಲಿ ಗುರುತನ್ನು ಉಳಿಸುವುದಿಲ್ಲ. ಅದೇ ಔಷಧ ಪುಡಿಯ ರೂಪದಲ್ಲಿ ಮೋಜುಕೂಟಗಳಿಗೆ ಇಳಿದು, ಜನ ಅದನ್ನು ತಿಂಗಳುಗಟ್ಟಲೆ ದಿನವೂ ಮೂಗಿಗೆ ಏರಿಸತೊಡಗಿದ ಮೇಲಷ್ಟೇ ಅದರ ಇನ್ನೊಂದು ಮುಖ ಬಯಲಾಯಿತು. 2007ರಲ್ಲಿ ಟೊರಾಂಟೊ ಮತ್ತು ಹಾಂಗ್‌ಕಾಂಗಿನ ವೈದ್ಯರು ಬೇರೆಬೇರೆಯಾಗಿ ಈ ಹೊಸ ಮೂತ್ರಕೋಶದ ಉರಿಯೂತವನ್ನು ವರ್ಣಿಸಿದರು. ಕೆಟಮಿನ್ ಮತ್ತು ಅದು ದೇಹದಲ್ಲಿ ಒಡೆದು ಆಗುವ ವಸ್ತುಗಳು ಮೂತ್ರದ ಮೂಲಕವೇ ಹೊರಬೀಳಬೇಕಾಗಿರುವುದರಿಂದ, ಮೂತ್ರಕೋಶದ ಒಳಪದರ ಅವುಗಳಲ್ಲಿ ಗಂಟೆಗಟ್ಟಲೆ ನೆನೆದು ಹುಣ್ಣಾಗುತ್ತದೆ, ಗೋಡೆ ದಪ್ಪವಾಗಿ ಬಿಗಿಯುತ್ತದೆ. ಸಾಮಾನ್ಯವಾಗಿ 400 ಮಿಲಿಲೀಟರಿನಷ್ಟು ಹಿಡಿಯುವ ಚೀಲ 100ನ್ನೂ ಹಿಡಿಯದಂತಾದಾಗ ರೋಗಿಯು ಅರ್ಧ ಗಂಟೆಗೊಮ್ಮೆ ಏಳಬೇಕಾಗುತ್ತದೆ, ಮೂತ್ರದಲ್ಲಿ ರಕ್ತ ಕಾಣಿಸುತ್ತದೆ. ಕ್ರೂರವೆಂದರೆ, ಈ ನೋವನ್ನು ತಕ್ಷಣ ತಗ್ಗಿಸುವುದೂ ಕೆಟಮಿನ್ನೇ ಆದುದರಿಂದ, ರೋಗವೇ ಮುಂದಿನ ಸೇವನೆಗೆ ನೆಪವಾಗುತ್ತದೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳಗಳು ಕಲೆಗಟ್ಟಿ ಕಿರಿದಾದರೆ ಮೂತ್ರ ಮೇಲಕ್ಕೆ ಒತ್ತರಿಸಿ ಕಿಡ್ನಿಯೇ ಊದಿಕೊಳ್ಳುತ್ತದೆ. 2008ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ವರದಿಯ 59 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಊತವಿತ್ತು. ಬೇಗ ಬಿಟ್ಟವರಲ್ಲಿ ಹಲವರು ಚೇತರಿಸಿಕೊಳ್ಳುತ್ತಾರೆ. ತಡಮಾಡಿದವರಲ್ಲಿ ಕೆಲವರಿಗೆ ಕರುಳಿನ ತುಂಡನ್ನು ಹೊಲಿದು ಮೂತ್ರಕೋಶವನ್ನು ಹಿಗ್ಗಿಸುವ ಶಸ್ತ್ರಚಿಕಿತ್ಸೆಯೇ ಗತಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಉರಿಮೂತ್ರವೆಂದರೆ ಮೊದಲು ಹೊಳೆಯುವುದು ಉಷ್ಣ. ಮನೆಯಲ್ಲಿ ಬಾರ್ಲಿ ನೀರು, ಎಳನೀರು ಕುಡಿಸಿ ನೋಡಿ, ನಿಲ್ಲದಿದ್ದರೆ ಕಲ್ಲಿರಬೇಕೆಂದು ಸ್ಕ್ಯಾನಿಂಗಿಗೆ ಹೋಗುವುದು ವಾಡಿಕೆ. ಬಿಸಿಲಿಗೆ ಬೆವರು ಹರಿದು ಮೂತ್ರ ಗಟ್ಟಿಯಾಗುವ ಗದ್ದೆಯ ಕೆಲಸಗಾರರ ಮಟ್ಟಿಗೆ ಈ ಊಹೆ ಬಹುಪಾಲು ಸರಿಯೇ. ಆದರೆ ದೊಡ್ಡ ನಗರಗಳಲ್ಲಿ ಓದಿ, ದುಡಿದು ಊರಿಗೆ ಮರಳಿದ ಇಪ್ಪತ್ತೈದರ ತರುಣನಲ್ಲಿ ಕಲ್ಲೂ ಕಾಣದೆ, ಮೂತ್ರದ ಕಲ್ಚರಿನಲ್ಲಿ ರೋಗಾಣುವೂ ಬೆಳೆಯದೆ, ಆ್ಯಂಟಿಬಯಾಟಿಕ್ ಕೋರ್ಸುಗಳೆಲ್ಲ ವ್ಯರ್ಥವಾದಾಗ, ತಂದೆತಾಯಿಯನ್ನು ಹೊರಗೆ ಕೂರಿಸಿ ಕೇಳಬೇಕಾದ ಪ್ರಶ್ನೆಯೊಂದು ವೈದ್ಯನ ಮುಂದೆ ಉಳಿದಿರುತ್ತದೆ.

ಕಾನೂನು ಎಚ್ಚೆತ್ತದ್ದೂ ತಡವಾಗಿಯೇ. ಭಾರತದ ಕಾರ್ಖಾನೆಗಳ ಕೆಟಮಿನ್ ಪೂರ್ವ ಏಷ್ಯಾದ ಕಡೆಗೆ ಕಳ್ಳದಾರಿಯಲ್ಲಿ ಹರಿಯುತ್ತಿದ್ದುದು ಪದೇ ಪದೇ ಸಿಕ್ಕಿಬಿದ್ದ ಮೇಲೆ, 2011ರಲ್ಲಿ ಅದು ಮಾದಕ ದ್ರವ್ಯ ಕಾಯ್ದೆಯ ವ್ಯಾಪ್ತಿಗೆ ಬಂದಿತು. 2013ರ ಕೊನೆಯಲ್ಲಿ ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ, ಅಂದರೆ ಅತ್ಯಂತ ಬಿಗಿಯಾದ ಪಟ್ಟಿಗೆ, ಸೇರಿತು. ಅಂದಿನಿಂದ ಮೆಡಿಕಲ್ ಅಂಗಡಿಯವನು ಅದನ್ನು ಬೀಗದೊಳಗಿಟ್ಟು, ಎರಡು ಪ್ರತಿಗಳ ಚೀಟಿಯ ಮೇಲಷ್ಟೇ ಮಾರಿ, ಒಂದು ಪ್ರತಿಯನ್ನು 2 ವರ್ಷ ಕಾದಿಡಬೇಕು. ಈ ಕಟ್ಟುಪಾಡು ಆಸ್ಪತ್ರೆಯ ಸೀಸೆಯನ್ನು ಬಿಗಿಹಿಡಿದಿದೆ. ಕಳ್ಳಪೇಟೆಯಲ್ಲಿ ಕೈಬದಲಾಗುವ ಪುಡಿಗೆ ಚೀಟಿಯೂ ಇಲ್ಲ, ಪ್ರತಿಯೂ ಇಲ್ಲ.