ಮದ್ದಿಲ್ಲದ ಸೂಜಿ

ತುರುವನೂರಿನ ಕಡೆ ಸೂಜಿ ಎಂದರೆ ಇಂಜೆಕ್ಷನ್. ಈರುಳ್ಳಿ ಹೊಲದಲ್ಲಿ ಬೆಳಗಿನಿಂದ ಸಂಜೆತನಕ ಬಗ್ಗಿ ಕಳೆ ತೆಗೆದ ಹೆಂಗಸು ಸೊಂಟ ಹಿಡಿದುಕೊಂಡು ಡಾಕ್ಟರ ಮುಂದೆ ಕುಳಿತಾಗ ಗುಳಿಗೆ ಕೇಳುವುದಿಲ್ಲ. ‘ಒಂದು ಸೂಜಿ ಹಾಕ್ರಿ ಸಾರ್, ನಾಳೆ ಕೂಲಿಗೆ ಹೋಗ್ಬೇಕು’ ಎನ್ನುತ್ತಾಳೆ. ಒಳಗೆ ಯಾವ ಮದ್ದೂ ಇಲ್ಲದ, ಕೂದಲೆಳೆಯಂಥ ಸೂಜಿ ಚುಚ್ಚಿ ನೋವು ಇಳಿಸುತ್ತೇವೆಂದರೆ ಆಕೆ ನಕ್ಕಾಳು. ಅಕ್ಯುಪಂಕ್ಚರ್ ಎಂದು ನಾವು ಕರೆಯುವ ಈ ಚಿಕಿತ್ಸೆ ನಮ್ಮ ದೇಶಕ್ಕೆ ಬಂದ ದಾರಿ ಮಾತ್ರ ನಗುವಂಥದ್ದಲ್ಲ.

ಚರ್ಮವನ್ನು ನೋಯಿಸಿ ಒಳಗಿನ ನೋವನ್ನು ಓಡಿಸುವ ಯೋಚನೆ ನಮಗೆ ಹೊಸದೇನಲ್ಲ. ಕೀಲುನೋವಿಗೆ ಬರೆ ಹಾಕಿಸಿಕೊಂಡ ಗುರುತು ಇರುವ ಹಿರಿಯರನ್ನು ನಮ್ಮ ಹಳ್ಳಿಗಳಲ್ಲಿ ನಾವೆಲ್ಲ ನೋಡಿದ್ದೇವೆ. ಕೊಂಬು, ಸೋರೆಬುರುಡೆ, ಜಿಗಣೆಗಳಿಂದ ರಕ್ತ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಯುನಾನಿ ಹಕೀಮರ ಹಿಜಾಮಾ ಇದೇ ಬಳಗಕ್ಕೆ ಸೇರಿದ್ದು. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸಿನಾ ತನ್ನ ‘ಅಲ್ ಕಾನೂನ್’ನಲ್ಲಿ ನೋವನ್ನು ಹದಿನೈದು ಬಗೆಯಾಗಿ ವಿಂಗಡಿಸಿದ. ಚುಚ್ಚುವ ನೋವು, ಕೊರೆಯುವ ನೋವು, ಭಾರದ ನೋವು ಎಂದು ರೋಗಿಯ ಮಾತಿಗೆ ಅವನಷ್ಟು ಕಿವಿಗೊಟ್ಟ ವೈದ್ಯರು ಕಡಿಮೆ. ಚೀನೀಯರ ‘ಝೆನ್‌ಜಿಯು’ ಎಂಬ ಹೆಸರಿನಲ್ಲಿ ಸೂಜಿಯೂ ಇದೆ, ಸೊಪ್ಪು ಉರಿಸಿ ಕಾವು ಕೊಡುವುದೂ ಇದೆ. ಚೀನಾದಲ್ಲೂ ಅದಕ್ಕೆ ಸದಾ ಗೌರವವಿತ್ತೆಂದು ತಿಳಿಯಬೇಕಿಲ್ಲ. 1822ರಲ್ಲಿ ಚಕ್ರವರ್ತಿಯ ಆಜ್ಞೆಯಿಂದಲೇ ಅರಮನೆಯ ವೈದ್ಯಶಾಲೆಯಿಂದ ಅದನ್ನು ಹೊರಹಾಕಲಾಗಿತ್ತು.

ಅದು ಭಾರತಕ್ಕೆ ಬಂದದ್ದು ಒಂದು ಯುದ್ಧದ ನೆಪದಲ್ಲಿ. 1937ರಲ್ಲಿ ಜಪಾನ್ ಚೀನಾದ ಮೇಲೆ ಬಿದ್ದಾಗ ಅಲ್ಲಿನ ಸೇನಾನಿ ಝು ಡೆ ವೈದ್ಯಕೀಯ ನೆರವು ಕೋರಿ ನೆಹರೂ ಅವರಿಗೆ ಪತ್ರ ಬರೆದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ಜನರಿಂದ ಹಣ ಎತ್ತಿದರು. 1938ರ ಸೆಪ್ಟೆಂಬರಿನಲ್ಲಿ ಅಟಲ್, ಚೋಳ್ಕರ್, ಮುಖರ್ಜಿ, ಬಸು, ಕೋಟ್ನೀಸ್ ಎಂಬ ಐವರು ವೈದ್ಯರು ಮುಂಬಯಿಯಿಂದ ಹಡಗು ಹತ್ತಿದರು. ಇವರಲ್ಲಿ ದ್ವಾರಕಾನಾಥ ಕೋಟ್ನೀಸ್ ಸೊಲ್ಲಾಪುರದವರು, ಅಂದರೆ ನಮ್ಮ ಸಿದ್ಧರಾಮನ ಸೊನ್ನಲಿಗೆಯವರು. ಇವತ್ತಿಗೂ ಮರಾಠಿಯ ಜೊತೆ ಕನ್ನಡ ಕೇಳಿಸುವ ಊರು ಅದು.

ಈ ವೈದ್ಯರು 1939ರಲ್ಲಿ ಯೆನಾನ್ ತಲುಪಿದರು. ಅದೇ ವರ್ಷ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ತುರುವನೂರಿನ ಜನ ಅರಣ್ಯ ಸತ್ಯಾಗ್ರಹಕ್ಕಿಳಿದು ಈಚಲು ಮರಗಳಿಗೆ ಕೊಡಲಿ ಹಾಕಿದರು. ನಿಜಲಿಂಗಪ್ಪನವರು ಜೈಲಿಗೂ ಹೋದರು, ವಕೀಲಿ ಸನ್ನದನ್ನೂ ಕಳೆದುಕೊಂಡರು. ಈ ಎರಡು ಸಂಗತಿಗಳಿಗೆ ನೇರ ಸಂಬಂಧವಿಲ್ಲ. ಆದರೂ ಒಂದೇ ಚಳವಳಿಯ ಒಂದು ಕೈ ಮಲೆಬೆನ್ನಿನಾಚೆಯ ಹಳ್ಳಿಯಲ್ಲೂ ಇನ್ನೊಂದು ಕೈ ಪರದೇಶದ ಗಾಯಾಳುಗಳ ಮೈಮೇಲೂ ಇದ್ದ ಕಾಲ ಅದು ಎಂಬುದನ್ನು ನಾವು ಮರೆತುಬಿಟ್ಟಿದ್ದೇವೆ. ಉರ್ದುವಿನಲ್ಲಿ ‘ಹಮ್‌ದರ್ದ್’ ಎಂಬ ಮಾತಿದೆ. ನೋವಿನಲ್ಲಿ ಜೊತೆಗಾರ ಎಂದರ್ಥ. ಈಗ ಅದನ್ನು ಕೇಳಿದರೆ ಔಷಧಿ ಅಂಗಡಿಯ ಶೀಷೆಯಷ್ಟೇ ನೆನಪಾಗುತ್ತದೆ.

ಕೋಟ್ನೀಸ್ ಮರಳಲಿಲ್ಲ. ಚೀನೀ ದಾದಿ ಗುವೊ ಚಿಂಗ್‌ಲಾನ್‌ರನ್ನು ಮದುವೆಯಾಗಿ, ಒಂದು ಗಂಡುಮಗುವನ್ನು ಕಂಡು, 1942ರ ಡಿಸೆಂಬರ್ 9ರಂದು ಮೂವತ್ತೆರಡರ ಹರೆಯದಲ್ಲಿ ತೀರಿಕೊಂಡರು. ಅವರ ಕಥೆಯನ್ನು ಖ್ವಾಜಾ ಅಹ್ಮದ್ ಅಬ್ಬಾಸ್ ಪುಸ್ತಕವಾಗಿ ಬರೆದರು, ವಿ. ಶಾಂತಾರಾಮ್ 1946ರಲ್ಲಿ ಸಿನಿಮಾ ಮಾಡಿದರು. ಹೀಗಾಗಿ ಅಕ್ಯುಪಂಕ್ಚರನ್ನು ತಂದವರೂ ಅವರೇ ಎಂದು ನಂಬಿದವರಿದ್ದಾರೆ. ಕೋಟ್ನೀಸ್ ಕತ್ತರಿ ಹಿಡಿದ ಶಸ್ತ್ರವೈದ್ಯರು. ದಿಗ್ಬಂಧನದಿಂದ ಔಷಧಿ ಸಿಗದ ಯೆನಾನಿನಲ್ಲಿ ಪಾಶ್ಚಾತ್ಯ ವೈದ್ಯ ಕಲಿತಿದ್ದ ಝು ಲಿಯಾನ್ ಎಂಬ ಮಹಿಳೆ ಹಳೆಯ ಸೂಜಿವೈದ್ಯವನ್ನು ಕಲಿತು ಆಸ್ಪತ್ರೆಯೊಳಗೆ ತಂದದ್ದು ಅವರ ಸಾವಿನ ನಂತರ, 1945ರ ಸುಮಾರಿಗೆ. ಸೂಜಿಯನ್ನು ಇಲ್ಲಿಗೆ ತಂದವರು ಅದೇ ತಂಡದ ಬಿಜೊಯ್ ಕುಮಾರ್ ಬಸು. 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಕಲಿತು, ಮರುವರ್ಷ ಕಲ್ಕತ್ತೆಯಲ್ಲಿ ಚಿಕಿತ್ಸೆ ಶುರುಮಾಡಿದರು. ಮೂರೇ ವರ್ಷದಲ್ಲಿ ಎರಡು ದೇಶಗಳಿಗೆ ಯುದ್ಧವಾಯಿತು. ಸ್ನೇಹ ಮುರಿಯಿತು, ಸೂಜಿ ಉಳಿಯಿತು.

ಜಗತ್ತಿನ ಕಣ್ಣು ಅದರ ಮೇಲೆ ಬಿದ್ದದ್ದು 1971ರಲ್ಲಿ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಪೀಕಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ದರೆಂಬ ದಂತಕಥೆ ಹಬ್ಬಿತು. ರೆಸ್ಟನ್ ಬರೆದದ್ದೇ ಬೇರೆ: ಆಪರೇಷನ್ ಮಾಡಿದ್ದು ಮಾಮೂಲಿ ಅರಿವಳಿಕೆ ಕೊಟ್ಟು, ಸೂಜಿ ಚುಚ್ಚಿದ್ದು ಆಮೇಲಿನ ಹೊಟ್ಟೆಯುಬ್ಬರದ ಸಂಕಟಕ್ಕೆ. ದಂತಕಥೆಯ ಮುಂದೆ ನಿಜಕ್ಕೆ ಯಾವಾಗಲೂ ಕಾಲು ನಿಧಾನ.

ಹಾಗಾದರೆ ಗುಣವಿದೆಯೇ? ಸೂಜಿ ಚುಚ್ಚಿದಾಗ ಮಿದುಳು ಮತ್ತು ಬೆನ್ನುಹುರಿಯಲ್ಲಿ ಅಫೀಮಿನಂತೆ ನೋವಡಗಿಸುವ ಎಂಡಾರ್ಫಿನ್‌ಗಳು ಬಿಡುಗಡೆಯಾಗುತ್ತವೆಂಬ ಸುಳಿವು 1970ರ ದಶಕದಲ್ಲಿ ಸಿಕ್ಕಿತು. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಬಹುಕಾಲದ ಸೊಂಟನೋವಿನ 1162 ಮಂದಿ ಇದ್ದರು. ಸೂಜಿ ಚಿಕಿತ್ಸೆ ಪಡೆದವರಲ್ಲಿ ಶೇ. 47.6 ಜನಕ್ಕೆ ಗುಣ ಕಂಡಿತು, ಗುಳಿಗೆ-ವ್ಯಾಯಾಮದವರಲ್ಲಿ ಶೇ. 27.4. ಸೋಜಿಗವೆಂದರೆ ಬೇಕೆಂದೇ ತಪ್ಪು ಜಾಗದಲ್ಲಿ ಮೇಲೆಮೇಲೆ ಚುಚ್ಚಿದವರಲ್ಲೂ ಶೇ. 44.2 ಜನ ಸುಧಾರಿಸಿದರು. ಅಂದರೆ ಪುರಾತನ ನಕಾಶೆಯ ಬಿಂದುಗಳಿಗಿಂತ ಚುಚ್ಚುವುದು, ಮುಟ್ಟುವುದು, ಕೇಳಿಸಿಕೊಳ್ಳುವುದು ಹೆಚ್ಚು ಕೆಲಸ ಮಾಡಿರಬೇಕು. ಸುಮಾರು 20,800 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ನಿಜವಾದ ಸೂಜಿಗೆ ತುಸು ಹೆಚ್ಚಿನ ಅಂಕ ಕೊಟ್ಟಿತು, ತುಸುವೇ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಇದು ಬೇಡವೆಂದಿತು, 2021ರಲ್ಲಿ ಕಾರಣ ತಿಳಿಯದ ಬಹುಕಾಲದ ನೋವಿಗೆ ಪ್ರಯೋಗಿಸಬಹುದೆಂದಿತು. ಭಾರತ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಕ್ರಮವೆಂದು ಒಪ್ಪಿತು. ನಮ್ಮ ತೀರ್ಮಾನ ಇಷ್ಟು: ಹಳೆಯ ಮಂಡಿನೋವು, ಸೊಂಟನೋವು, ತಲೆಶೂಲೆಗಳಿಗೆ ಶುದ್ಧವಾದ, ಒಮ್ಮೆ ಬಳಸಿ ಬಿಸಾಡುವ ಸೂಜಿಯಿಂದ ಆಸರೆ ಸಿಕ್ಕೀತು. ಬಿದ್ದು ಎಲುಬು ಮುರಿದಾಗ, ಎದೆ ಹಿಂಡಿದಾಗ, ಸೊಂಟನೋವಿನೊಡನೆ ಕಾಲು ಮರಗಟ್ಟಿ ಮೂತ್ರ ಕಟ್ಟಿದಾಗ ಮೊದಲು ಆಸ್ಪತ್ರೆ.

ಇನ್ನೊಂದು ಲೆಕ್ಕವಿದೆ. ಜರ್ಮನಿಯ ರೋಗಿಗಳು ವಾರಕ್ಕೆ ಎರಡರಂತೆ ಹತ್ತು ಸಲ, ಪ್ರತಿಸಲ ಅರ್ಧ ಗಂಟೆ ಮಲಗಿದ್ದರು. ಈರುಳ್ಳಿ ಹೊಲದ ಹೆಂಗಸಿಗೆ ಅದು ದುರ್ಗಕ್ಕೆ ಹತ್ತು ಸಲದ ಬಸ್ ಚಾರ್ಜು, ಹತ್ತು ದಿನದ ಕೂಲಿ. 1968ರ ನಂತರ ಚೀನಾದ ‘ಬರಿಗಾಲ ವೈದ್ಯರು’ ಸೂಜಿಯ ಪೊಟ್ಟಣವನ್ನು ಹೆಗಲಿಗೆ ಹಾಕಿಕೊಂಡು ಗದ್ದೆಯ ಬದುವಿಗೇ ಹೋಗುತ್ತಿದ್ದರು.