ಫ್ಲೋಟ್ ಚೇಂಬರ್ ಗಾಳಿರಂಧ್ರ

ಫ್ಲೋಟ್ ಚೇಂಬರ್ ಗಾಳಿರಂಧ್ರವು ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲಿಗೆ ಗಾಳಿಯ ಸಂಪರ್ಕ ಕಲ್ಪಿಸುವ ಕಿರುದಾರಿಯಾಗಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇದನ್ನು ಕಾಣಬಹುದು. ಎಂಜಿನ್ ಗಾಳಿಯನ್ನು ಸೆಳೆದಾಗ ವೆಂಚುರಿಯ ಇಕ್ಕಟ್ಟಿನಲ್ಲಿ ಒತ್ತಡ ಕುಸಿಯುತ್ತದೆ; ಬಟ್ಟಲಿನೊಳಗಿನ ಗಾಳಿಯ ಒತ್ತಡವು ಪೆಟ್ರೋಲನ್ನು ಜೆಟ್ ಮೂಲಕ ಅತ್ತ ತಳ್ಳುತ್ತದೆ. ರಂಧ್ರ ಮುಚ್ಚಿಹೋದರೆ ಈ ವ್ಯತ್ಯಾಸ ಕುಗ್ಗಿ, ಪೆಟ್ರೋಲ್ ಸಾಲದೆ ಎಂಜಿನ್ ನಿಂತುಹೋಗಬಹುದು.

ಗಾಳಿರಂಧ್ರದಲ್ಲಿ ಎರಡು ಬಗೆಗಳಿವೆ. ಒಳರಂಧ್ರವು ಏರ್ ಫಿಲ್ಟರಿನ ಒಳಬದಿಗೆ ತೆರೆದಿರುವುದರಿಂದ, ಫಿಲ್ಟರಿನಲ್ಲಿ ಧೂಳು ಕಟ್ಟಿದರೂ ಮಿಶ್ರಣದ ಹದ ಅಷ್ಟಾಗಿ ಕೆಡುವುದಿಲ್ಲ. ಹೊರರಂಧ್ರವು ಬಿಸಿ ಎಂಜಿನನ್ನು ನಿಲ್ಲಿಸಿದಾಗ ಏಳುವ ಪೆಟ್ರೋಲ್ ಆವಿಯನ್ನು ಹೊರಬಿಡುತ್ತದೆ. ಇಲ್ಲದಿದ್ದರೆ ಆವಿಯು ಎಂಜಿನಿನ ಗಾಳಿದಾರಿಯಲ್ಲಿ ತುಂಬಿ, ಕಾರನ್ನು ಮತ್ತೆ ಚಾಲೂ ಮಾಡುವುದು ಕಷ್ಟವಾಗುತ್ತದೆ. ಈ ಆವಿ ವಾಯುಮಾಲಿನ್ಯಕ್ಕೂ ಕಾರಣವಾದುದರಿಂದ, ನಂತರದ ಹಲವು ಕಾರುಗಳಲ್ಲಿ ಹೊರರಂಧ್ರವನ್ನು ಇದ್ದಿಲು ತುಂಬಿದ ಡಬ್ಬಿಗೆ ಜೋಡಿಸಲಾಯಿತು.